ಕೇಳುವವರಿಗೆ ಏನು ಹೇಳ್ತೀರಿ? ಪುನರುತ್ಥಾನದ ಸಾಕ್ಷಿಗಳು ಮತ್ತು ನಮ್ಮ ಜವಾಬ್ದಾರಿ

ಯೌವನಸ್ಥರ ಕೂಟದ ಅಧ್ಯಯನ
ವಾಕ್ಯಭಾಗಗಳು: ಅಪೊಸ್ತಲರ ಕೃತ್ಯಗಳು 2:14-41, 1 ಪೇತ್ರ 3:13-16, 1 ಕೊರಿಂಥ 15:1-20

ಸತ್ಯವೇದ ತೆರೆದುಕೊಳ್ಳಿ. ಮೊಬೈಲಿನಲ್ಲಿ ಓದುವವರು ಆಪ್ ತೆರೆಯಿರಿ, ವಾಟ್ಸಾಪ್ ಸ್ವಲ್ಪ ಹೊತ್ತು ಮುಚ್ಚಿ. ವಾಟ್ಸಾಪ್ ವಿಷಯಕ್ಕೆ ಆಮೇಲೆ ನಾನೇ ಬರ್ತೀನಿ.

ನಿಮ್ಮಲ್ಲಿ ಬಹಳ ಜನ ಆಫೀಸಿಗೆ ಹೋಗ್ತೀರಿ, ಕೆಲವರು ಕಾಲೇಜಿನಲ್ಲಿದ್ದೀರಿ, ಪಿಜಿಯಲ್ಲಿ ಬೇರೆ ಬೇರೆ ಊರಿನವರ ಜೊತೆ ಇದ್ದೀರಿ. ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತೆ. ಟೀ ಕುಡಿಯುವಾಗ ಪಕ್ಕದವನು ಕೇಳ್ತಾನೆ: "ಅಲ್ಲ ಮಗಾ, ನೀನು ಇಂಜಿನಿಯರಿಂಗ್ ಓದಿದವನು. ಸತ್ತವನು ಮೂರನೇ ದಿನ ಎದ್ದು ಬಂದ ಅಂತ ನಿಜವಾಗ್ಲೂ ನಂಬ್ತೀಯಾ? ಹೇಗೆ ಗೊತ್ತು ನಿನಗೆ?"

ಆಗ ಏನು ಹೇಳ್ತೀರಿ?

ಕೆಲವರು "ಅದೆಲ್ಲ ನಂಬಿಕೆ, ಪ್ರಶ್ನೆ ಕೇಳಬಾರದು" ಅಂತ ಹೇಳಿ ಮಾತು ಮುಗಿಸ್ತಾರೆ. ಕೆಲವರು ತಮ್ಮ ಸಾಕ್ಷಿ ಹೇಳ್ತಾರೆ: ನನಗೆ ಕಾಯಿಲೆ ಇತ್ತು, ಪ್ರಾರ್ಥನೆ ಮಾಡಿದ್ವಿ, ವಾಸಿಯಾಯ್ತು. ಒಳ್ಳೆಯದು, ಅದನ್ನು ಹೇಳಲೇಬೇಕು. ಆದರೆ ಆ ಸ್ನೇಹಿತ ಏನು ಹೇಳ್ತಾನೆ ಗೊತ್ತಾ? "ನಮ್ಮಮ್ಮನೂ ಮನೆದೇವರಿಗೆ ಹರಕೆ ಹೊತ್ತಾಗ ವಾಸಿಯಾಯ್ತು." ಈಗ ಏನು ಮಾಡ್ತೀರಿ? ನಿಮ್ಮ ಅನುಭವ ನಿಮ್ಮೊಳಗಿದೆ, ಅವನ ಅನುಭವ ಅವನೊಳಗಿದೆ. ಇಬ್ಬರೂ ಹೊರಗೆ ಬಂದು ನೋಡಬಹುದಾದ ಏನಾದರೂ ಇದೆಯಾ? ಇವತ್ತಿನ ಪಾಠ ಇದೇ. ಇದೆ ಅಂತ ಸತ್ಯವೇದ ಹೇಳುತ್ತೆ.

1. ಮೊದಲ ಪೆಂತೆಕೊಸ್ತ ಪ್ರಸಂಗ

ನಾವು ಪೆಂತೆಕೊಸ್ತ ಸಭೆಯವರು. ನಮ್ಮಲ್ಲಿ ಒಂದು ಮಾತು ಓಡಾಡುತ್ತೆ: "ಬುದ್ಧಿಗೆ ಜಾಸ್ತಿ ಕೆಲಸ ಕೊಡಬೇಡಿ, ಆತ್ಮನು ನಡೆಸಲಿ." ಆತ್ಮನು ನಡೆಸಲೇಬೇಕು, ಆಮೆನ್. ಆದರೆ ಆತ್ಮನು ನಡೆಸಿದ ಮೊಟ್ಟಮೊದಲ ಪ್ರಸಂಗವನ್ನೇ ನೋಡೋಣ. ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ. ಬೆಂಕಿ ಇಳಿದಿದೆ, ಅನ್ಯಭಾಷೆ ಬಂದಿದೆ, ಜನ ಸೇರಿದ್ದಾರೆ, ಕೆಲವರು ನಗ್ತಿದ್ದಾರೆ: ಇವರು ಕುಡಿದಿದ್ದಾರೆ!

ಪೇತ್ರನು ಎದ್ದು ನಿಂತು ಮೊದಲು ಹೇಳಿದ್ದೇನು? ಇನ್ನೂ ಬೆಳಗಿನ ಒಂಬತ್ತು ಗಂಟೆ, ಇಷ್ಟು ಹೊತ್ತಿಗೆ ಯಾರು ಕುಡೀತಾರೆ ಅನ್ನುವ ಅರ್ಥದ ಮಾತು. ನೋಡಿ, ಆತ್ಮಭರಿತನಾದ ಮನುಷ್ಯ ಮೊದಲು ಗಂಟೆ ನೋಡಿ ಉತ್ತರ ಕೊಟ್ಟ. ಅದು ಸರಳವಾದ ತರ್ಕ. ಆಮೇಲೆ ಯೋವೇಲನ ಪ್ರವಾದನೆಯನ್ನು ತೆಗೆದು ತೋರಿಸಿದ. ಆಮೇಲೆ, ಯೇಸು ಮಾಡಿದ ಅದ್ಭುತಗಳು ನಿಮಗೇ ಗೊತ್ತಲ್ಲಾ ಅಂತ ಕೇಳುವವರ ನೆನಪನ್ನೇ ಸಾಕ್ಷಿಗೆ ಕರೆದ. ಆಮೇಲೆ ದಾವೀದನ ಸಮಾಧಿ ಇಲ್ಲೇ ನಮ್ಮ ಊರಲ್ಲೇ ಇದೆ ಅಂದ. ಅಂದರೆ ಹೋಗಿ ನೋಡಿ, ದಾವೀದ ಎದ್ದಿಲ್ಲ, ಹಾಗಾದರೆ ಆ ಕೀರ್ತನೆ ಯಾರ ಬಗ್ಗೆ? ಕೊನೆಗೆ 32ನೇ ವಚನದಲ್ಲಿ ಮುಖ್ಯವಾದ ವಿಷಯಕ್ಕೆ ಬಂದ: ದೇವರು ಈ ಯೇಸುವನ್ನು ಎಬ್ಬಿಸಿದ್ದಾನೆ, ಇದಕ್ಕೆ ನಾವೆಲ್ಲರೂ ಸಾಕ್ಷಿಗಳು.

ಇದು ನಡೆದದ್ದು ಎಲ್ಲಿ? ಯೆರೂಸಲೇಮಿನಲ್ಲಿ. ಯೇಸುವನ್ನು ಕೊಂದ ಊರಿನಲ್ಲೇ, ಸುಮಾರು ಐವತ್ತು ದಿನಗಳ ನಂತರ. ದೂರದ ಊರಿಗೆ ಹೋಗಿ, ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ ಹೇಳಿದ ಕಥೆ ಇದಲ್ಲ. ಆ ದಿನ ಸುಮಾರು ಮೂರು ಸಾವಿರ ಜನ ಸೇರಿದರು. ಅವರ ಹೃದಯಕ್ಕೆ ನಾಟಿಸಿದವನು ಪವಿತ್ರಾತ್ಮ. ನಾಟಿಸಲು ಆತ್ಮನು ಬಳಸಿದ್ದು ವಾಕ್ಯ, ತರ್ಕ, ಸಾಕ್ಷಿ. ಈ ಮೂರನ್ನೂ ಆತ್ಮನಿಂದ ಬೇರೆ ಮಾಡಬೇಡಿ. ಪಕ್ಕದವರಿಗೆ ಹೇಳಿ: "ಪೇತ್ರ ಗಂಟೆ ನೋಡಿ ಉತ್ತರ ಕೊಟ್ಟ!"

2. ಉತ್ತರ ಅಂದರೆ ಕೋರ್ಟಿನ ಮಾತು

ಅದೇ ಪೇತ್ರನು ವಯಸ್ಸಾದ ಮೇಲೆ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದರಿದ್ದ ವಿಶ್ವಾಸಿಗಳಿಗೆ ಪತ್ರ ಬರೀತಾನೆ. 3ನೇ ಅಧ್ಯಾಯದ 15ನೇ ವಚನದ ಸಾರ ಇದು: ನಿಮ್ಮ ನಿರೀಕ್ಷೆಗೆ ಕಾರಣವೇನು ಅಂತ ಯಾರೇ ಕೇಳಿದರೂ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಭಯಭಕ್ತಿಯಿಂದ ಕೊಡಿ.

ಇಲ್ಲಿ "ಉತ್ತರ" ಅನ್ನೋದಕ್ಕೆ ಗ್ರೀಕಿನಲ್ಲಿ "ಅಪೊಲೊಗಿಯಾ" ಅನ್ನುವ ಪದ ಇದೆ. ಅದು ನ್ಯಾಯಾಲಯದಲ್ಲಿ ಆರೋಪಿ ತನ್ನ ಪರವಾಗಿ ಮಾಡುವ ವಾದಕ್ಕೆ ಬಳಸುವ ಪದ. ಪೌಲನು ಯೆರೂಸಲೇಮಿನಲ್ಲಿ ಉದ್ರಿಕ್ತ ಜನರ ಮುಂದೆ ನಿಂತು ಮಾತಾಡಿದಾಗಲೂ ಇದೇ ಪದ, ಅಪೊಸ್ತಲರ ಕೃತ್ಯಗಳು 22:1. ವಕೀಲ ಕೋರ್ಟಿನಲ್ಲಿ "ನನಗೆ ಹಾಗೆ ಅನ್ನಿಸುತ್ತೆ ಸ್ವಾಮಿ" ಅಂದರೆ ಸಾಕಾ? ಸಾಕ್ಷಿ ಬೇಕು, ದಾಖಲೆ ಬೇಕು, ಪಾಟೀಸವಾಲಿಗೆ ನಿಲ್ಲಬೇಕು.

ಇನ್ನೊಂದು ಗಮನಿಸಿ. ಪೇತ್ರನು ಇದನ್ನು ಸೆಮಿನರಿಯ ಪ್ರೊಫೆಸರುಗಳಿಗೆ ಬರೆದಿಲ್ಲ. ಗುಲಾಮರು, ಗೃಹಿಣಿಯರು, ಗಂಡಂದಿರು, ಯೌವನಸ್ಥರು, ಎಲ್ಲರೂ ಆ ಪತ್ರದಲ್ಲಿದ್ದಾರೆ. ಅದು ನಿಮಗೂ ಬರೆದದ್ದು.

3. ಪೌಲನ ಪಟ್ಟಿ, ಅದರ ತಾರೀಖು

ಈಗ 1 ಕೊರಿಂಥ 15. ಪೌಲನು ಇಲ್ಲಿ ಒಂದು ಪಟ್ಟಿ ಕೊಡ್ತಾನೆ. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೇ ದಿನ ಎಬ್ಬಿಸಲ್ಪಟ್ಟನು. ಆಮೇಲೆ ಯಾರಿಗೆಲ್ಲ ಕಾಣಿಸಿಕೊಂಡನು? ಕೇಫನಿಗೆ, ಹನ್ನೆರಡು ಮಂದಿಗೆ, ಐನೂರಕ್ಕಿಂತ ಹೆಚ್ಚು ಸಹೋದರರಿಗೆ, ಯಾಕೋಬನಿಗೆ, ಅಪೊಸ್ತಲರೆಲ್ಲರಿಗೆ, ಕಟ್ಟಕಡೆಗೆ ಪೌಲನಿಗೆ. ಐನೂರು ಮಂದಿಯಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಸೇರಿಸ್ತಾನೆ. ಹಾಗೆ ಬರೆಯುವುದರ ಅರ್ಥ ಏನು? ಬೇಕಿದ್ದರೆ ಹೋಗಿ ವಿಚಾರಿಸಿ ಅಂತ.

ಈ ಪತ್ರ ಯಾವಾಗ ಬರೆದದ್ದು? ಇದು ಅಂದಾಜಿನ ಮಾತಲ್ಲ, ಕಲ್ಲಿನಲ್ಲಿ ಆಧಾರ ಇದೆ. ಅಪೊಸ್ತಲರ ಕೃತ್ಯಗಳು 18:12ರಲ್ಲಿ ಪೌಲನನ್ನು ಕೊರಿಂಥದಲ್ಲಿ ಗಲ್ಲಿಯೋ ಅನ್ನುವ ರೋಮನ್ ಅಧಿಪತಿಯ ಮುಂದೆ ಎಳೆದು ತರ್ತಾರೆ. ಗ್ರೀಸ್ ದೇಶದ ಡೆಲ್ಫಿಯಲ್ಲಿ ಒಂದು ಶಿಲಾಶಾಸನದ ತುಂಡುಗಳು ಸಿಕ್ಕಿವೆ. ಅದು ಚಕ್ರವರ್ತಿ ಕ್ಲೌದ್ಯನ ಪತ್ರ. ಅದರಲ್ಲಿ ಗಲ್ಲಿಯೋ ಹೆಸರಿದೆ, ಚಕ್ರವರ್ತಿಯ ಬಿರುದುಗಳಿಂದ ಅದರ ಕಾಲವೂ ಗೊತ್ತಾಗುತ್ತೆ: ಸುಮಾರು ಕ್ರಿ.ಶ. 52. ಅಂದರೆ ಪೌಲನು ಕೊರಿಂಥದಲ್ಲಿದ್ದದ್ದು 50-52ರ ಆಸುಪಾಸು. ಆಮೇಲೆ ಎಫೆಸದಿಂದ ಈ ಪತ್ರ ಬರೆದದ್ದು ಸುಮಾರು 54-55. ಯೇಸು ಶಿಲುಬೆಗೇರಿದ್ದು ಕ್ರಿ.ಶ. 30 ಅಥವಾ 33. ಹಾಗಾದರೆ ನಡುವಿನ ಅಂತರ ಇಪ್ಪತ್ತರಿಂದ ಇಪ್ಪತ್ತೈದು ವರ್ಷ.

ಇಪ್ಪತ್ತೈದು ವರ್ಷ ಅಂದರೆ ಎಷ್ಟು? 2000ನೇ ಇಸವಿಯ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಗಾಜನೂರಿನಿಂದ ಅಪಹರಿಸಿದ. 108 ದಿನ ಕಾಡಿನಲ್ಲಿಟ್ಟಿದ್ದ. ನಿಮ್ಮಲ್ಲಿ ಅರ್ಧ ಜನ ಆಗ ಹುಟ್ಟಿರಲಿಲ್ಲ. ಆದರೆ ಮನೆಗೆ ಹೋಗಿ ಅಪ್ಪನನ್ನೋ ಅಮ್ಮನನ್ನೋ ಕೇಳಿ. ಸುದ್ದಿ ಬಂದಾಗ ಎಲ್ಲಿದ್ದರು, ಏನು ಮಾಡ್ತಿದ್ದರು, ಎಲ್ಲ ಹೇಳ್ತಾರೆ. ಇವತ್ತು ಯಾರಾದರೂ "ಅಪಹರಣ ನಡೆದೇ ಇಲ್ಲ" ಅಂತ ಪುಸ್ತಕ ಬರೆದರೆ ಬೆಂಗಳೂರಿನಲ್ಲಿ ನಡೆಯುತ್ತಾ? ಚಿಕ್ಕ ಚಿಕ್ಕ ವಿವರಗಳಲ್ಲಿ ಒಬ್ಬೊಬ್ಬರ ನೆನಪು ಸ್ವಲ್ಪ ಆಚೀಚೆ ಇರಬಹುದು. ಆದರೆ ನಡೆದದ್ದು ನಡೆಯಿತು ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಪೌಲನು ಬರೆದದ್ದು ಅಷ್ಟು ಹತ್ತಿರದಲ್ಲಿ.

ಇನ್ನೂ ಹತ್ತಿರ ಹೋಗೋಣ. 15:3ರಲ್ಲಿ ಪೌಲನು ಹೇಳ್ತಾನೆ, ಇದು ನಾನು ಕಟ್ಟಿದ್ದಲ್ಲ, ನಾನು ಪಡೆದುಕೊಂಡದ್ದನ್ನೇ ನಿಮಗೆ ದಾಟಿಸಿದ್ದೇನೆ. ಯಾರಿಂದ ಪಡೆದುಕೊಂಡ? ಗಲಾತ್ಯ 1:18-19 ತೆರೆಯಿರಿ. ದಮಸ್ಕದ ದಾರಿಯಲ್ಲಿ ಕರ್ತನನ್ನು ಕಂಡು ಮೂರು ವರ್ಷದ ಮೇಲೆ ಯೆರೂಸಲೇಮಿಗೆ ಹೋಗಿ ಕೇಫನ ಜೊತೆ ಹದಿನೈದು ದಿನ ಇದ್ದ, ಕರ್ತನ ತಮ್ಮನಾದ ಯಾಕೋಬನನ್ನೂ ಕಂಡ. ಪಟ್ಟಿಯಲ್ಲಿ ಹೆಸರು ಹಿಡಿದು ಹೇಳಿದ ಇಬ್ಬರು ಯಾರು? ಕೇಫ, ಯಾಕೋಬ. ಅದೇ ಇಬ್ಬರು! ಅಲ್ಲಿ "ಕಾಣಲು ಹೋದೆ" ಅನ್ನೋದಕ್ಕೆ ಬಳಸಿದ ಗ್ರೀಕ್ ಪದಕ್ಕೆ ವಿಚಾರಿಸಿ ತಿಳಿದುಕೊಳ್ಳುವುದು ಅನ್ನುವ ಅರ್ಥವೂ ಇದೆ. "ಹಿಸ್ಟರಿ" ಅನ್ನುವ ಪದವೂ ಅದೇ ಬೇರಿನದು.

ಗೆರ್ಡ್ ಲ್ಯೂಡೆಮನ್ ಅಂತ ಒಬ್ಬ ಜರ್ಮನ್ ವಿದ್ವಾಂಸ ಇದ್ದರು. ಅವರು ಪುನರುತ್ಥಾನವನ್ನು ನಂಬುತ್ತಿರಲಿಲ್ಲ. ಶಿಷ್ಯರು ಕಂಡದ್ದು ಮನಸ್ಸಿನೊಳಗಿನ ದರ್ಶನಗಳು ಅಂತ ಅವರ ವಾದ. ಅಂಥವರು ಕೂಡ ಈ ಪಟ್ಟಿಯ ಮೂಲ ಅಂಶಗಳು ಶಿಲುಬೆಯ ನಂತರ ಮೂರು ವರ್ಷದೊಳಗಿನವು ಅಂತ ಒಪ್ಪಿದರು. ಇನ್ನೂರು ವರ್ಷ ಆದ ಮೇಲೆ ಯಾರೋ ಕುಳಿತು ಹೆಣೆದ ಕಥೆ ಅನ್ನುವ ಮಾತು ಇಲ್ಲಿ ನಿಲ್ಲಲ್ಲ.

4. ಬೇರೆ ವಿವರಣೆಗಳನ್ನೂ ತೂಗೋಣ

ನಿಮ್ಮ ಸ್ನೇಹಿತ ಬುದ್ಧಿವಂತ. ಅವನು ಸುಮ್ಮನೆ ಒಪ್ಪಲ್ಲ, ಒಪ್ಪಲೂಬಾರದು. ಅವನು ಕೇಳಬಹುದಾದ ಪ್ರಶ್ನೆಗಳನ್ನು ನಾವೇ ಮೊದಲು ಕೇಳಿಕೊಳ್ಳೋಣ.

"ಯೇಸು ಅನ್ನುವವನು ಇದ್ದನಾ?" ರೋಮಿನ ಇತಿಹಾಸಕಾರ ತಾಸಿತುಸ್ ಸುಮಾರು ಕ್ರಿ.ಶ. 116ರಲ್ಲಿ, 64ರ ರೋಮ್ ಬೆಂಕಿಯ ಬಗ್ಗೆ ಬರೆಯುವಾಗ, ಕ್ರಿಸ್ತನಿಗೆ ತಿಬೇರಿಯನ ಕಾಲದಲ್ಲಿ ಪೊಂತ್ಯ ಪಿಲಾತನಿಂದ ಮರಣದಂಡನೆ ಆಯಿತು ಅಂತ ದಾಖಲಿಸಿದ್ದಾನೆ. ಅವನಿಗೆ ಕ್ರೈಸ್ತರನ್ನು ಕಂಡರೆ ಆಗ್ತಿರಲಿಲ್ಲ. 1961ರಲ್ಲಿ ಕೈಸರೈಯದಲ್ಲಿ ಪಿಲಾತನ ಹೆಸರಿರುವ ಕಲ್ಲು ಸಿಕ್ಕಿತು. ಬಾರ್ಟ್ ಎರ್ಮನ್ ಕ್ರೈಸ್ತರಲ್ಲ, ದೇವರಿದ್ದಾನೋ ಇಲ್ಲವೋ ಗೊತ್ತಿಲ್ಲ ಅನ್ನುವವರು. ಅವರೂ 2012ರಲ್ಲಿ ಒಂದು ಪುಸ್ತಕವನ್ನೇ ಬರೆದು, ಯೇಸು ಇದ್ದದ್ದು ಖಂಡಿತ ಅಂತ ವಾದಿಸಿದರು. ಇದು ಏನನ್ನು ತೋರಿಸುತ್ತೆ, ಏನನ್ನು ತೋರಿಸಲ್ಲ? ಯೇಸು ಇದ್ದನು, ಪಿಲಾತನ ಕೆಳಗೆ ಸತ್ತನು ಅಂತ ತೋರಿಸುತ್ತೆ. ಎದ್ದನು ಅಂತ ಇದೊಂದೇ ತೋರಿಸಲ್ಲ. ಯಾವ ಸಾಕ್ಷಿ ಎಷ್ಟು ಭಾರ ಹೊರುತ್ತೋ ಅಷ್ಟೇ ಹೊರಿಸಿ.

"ಶಿಷ್ಯರು ಶವ ಕದ್ದಿರಬಹುದು." ಇದು ಹಳೆಯ ಪ್ರಶ್ನೆ, ಮತ್ತಾಯ 28:13ರಲ್ಲೇ ಇದೆ. ಮತ್ತಾಯನು ಅದನ್ನು ಮುಚ್ಚಿಡಲಿಲ್ಲ ನೋಡಿ. ಆದರೆ ಆ ಆರೋಪದೊಳಗೇ ಒಂದು ಒಪ್ಪಿಗೆ ಇದೆ: ಶವ ಅಲ್ಲಿ ಇಲ್ಲ. ಇದ್ದಿದ್ದರೆ ಕದ್ದರು ಅನ್ನುವ ಮಾತೇ ಬೇಕಿರಲಿಲ್ಲ. ಇನ್ನೊಂದು, ನಾಲ್ಕು ಸುವಾರ್ತೆಗಳಲ್ಲೂ ಖಾಲಿ ಸಮಾಧಿಗೆ ಮೊದಲು ಹೋದವರು ಹೆಂಗಸರು, ಮಗ್ದಲದ ಮರಿಯಳು ನಾಲ್ಕರಲ್ಲೂ ಇದ್ದಾಳೆ. ಹೆಂಗಸರ ಸಾಕ್ಷಿಗೆ ಬೆಲೆ ಕೊಡದ ಕಾಲ ಅದು. ಕಥೆ ಕಟ್ಟುವವರು ಮೊದಲ ಸಾಕ್ಷಿಯಾಗಿ ಪೇತ್ರನನ್ನು ನಿಲ್ಲಿಸ್ತಿದ್ದರು.

"ದುಃಖದಲ್ಲಿ ಏನೋ ಕಂಡಂಗೆ ಆಗಿರಬಹುದು." ಇದು ಗಟ್ಟಿಯಾದ ಪ್ರಶ್ನೆ, ನಗಬೇಡಿ. ತೀರಿಹೋದವರು ಕಂಡ ಹಾಗೆ ಅನ್ನಿಸುವುದು ಎಷ್ಟೋ ಮನೆಗಳಲ್ಲಿ ಆಗುತ್ತೆ. ಪೇತ್ರನಿಗೆ ಹಾಗಾಯಿತು ಅಂತ ಯಾರಾದರೂ ಹೇಳಬಹುದು. ಆದರೆ ಪಟ್ಟಿಯಲ್ಲಿ ಒಬ್ಬೊಬ್ಬರಲ್ಲ, ಗುಂಪುಗಳೂ ಇವೆ. ಯಾಕೋಬ ಇದ್ದಾನೆ. ಯೇಸು ಸೇವೆ ಮಾಡುವಾಗ ಅವನ ತಮ್ಮಂದಿರೇ ನಂಬಲಿಲ್ಲ ಅಂತ ಯೋಹಾನ 7:5 ಹೇಳುತ್ತೆ. ಮುಂದೆ ಅದೇ ಯಾಕೋಬ ಯೆರೂಸಲೇಮ್ ಸಭೆಯ ನಾಯಕನಾದ. ಕ್ರಿ.ಶ. 62ರಲ್ಲಿ ಅವನನ್ನು ಕಲ್ಲೆಸೆದು ಕೊಂದದ್ದನ್ನು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಸ್ವಂತ ಅಣ್ಣನನ್ನು "ಕರ್ತನೇ" ಅಂತ ಕರೆಯಬೇಕಾದರೆ ಏನು ಆಗಿರಬೇಕು? ನಿಮ್ಮ ಮನೆಯಲ್ಲಿ ಯೋಚನೆ ಮಾಡಿ ನೋಡಿ! ಕೊನೆಯದಾಗಿ ಪೌಲ. ಅವನು ದುಃಖದಲ್ಲಿರಲಿಲ್ಲ, ಸಿಟ್ಟಿನಲ್ಲಿದ್ದ. ಸಭೆಯನ್ನು ಹಾಳುಮಾಡಲು ಹೊರಟವನು. ಒಬ್ಬ ಸ್ನೇಹಿತ, ನಂಬದ ಒಬ್ಬ ತಮ್ಮ, ಒಬ್ಬ ಶತ್ರು. ಮೂವರಿಗೂ ಒಂದೇ ಕಾರಣದ ಭ್ರಮೆ ಅನ್ನೋದು ಕಷ್ಟ.

5. ಸುಳ್ಳು ಪುರಾವೆ ಬೇಡ

ಈಗ ವಾಟ್ಸಾಪಿಗೆ ಬರೋಣ. ಪ್ರಿಯರೇ, ಇದು ಸ್ವಲ್ಪ ಖಾರ ಆಗಬಹುದು, ಸಹಿಸಿಕೊಳ್ಳಿ.

1 ಕೊರಿಂಥ 15:15 ನೋಡಿ. ಕ್ರಿಸ್ತನು ಎದ್ದಿಲ್ಲದಿದ್ದರೆ ನಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳಾದೆವು ಅನ್ನುವುದು ಪೌಲನ ಭಯ. ದೇವರ ಪರವಾಗಿಯೇ ಹೇಳಿದರೂ ಸುಳ್ಳು ಸುಳ್ಳೇ. "ಒಳ್ಳೆ ಉದ್ದೇಶಕ್ಕೆ ತಾನೇ" ಅನ್ನುವ ರಿಯಾಯಿತಿ ಅವನು ಕೊಡಲಿಲ್ಲ.

ಹಾಗಾದರೆ "ನಾಸಾದ ಕಂಪ್ಯೂಟರು ಯೆಹೋಶುವನ ಕಾಲದ ಕಳೆದುಹೋದ ದಿನ ಕಂಡುಹಿಡಿಯಿತು" ಅನ್ನುವ ಫಾರ್ವರ್ಡ್ ಕಳಿಸ್ತೀರಲ್ಲಾ, ಅದೇನು? ಆ ಕಥೆ ವಾಟ್ಸಾಪಿಗಿಂತ ಹಳೆಯದು. ಅಂಥದ್ದೇನೂ ನಡೆದಿಲ್ಲ ಅಂತ ನಾಸಾದವರೇ ಹೇಳಿದ್ದಾರೆ. ಸುಮ್ಮನೆ ಯೋಚಿಸಿದರೂ ಗೊತ್ತಾಗುತ್ತೆ: ಒಂದು ದಿನ ಕಮ್ಮಿ ಇದೆ ಅನ್ನಬೇಕಾದರೆ, ಆ ದಿನಕ್ಕಿಂತ ಮುಂಚೆ ಯಾರೋ ಬರೆದಿಟ್ಟ ನಿಖರವಾದ ಲೆಕ್ಕ ಕೈಯಲ್ಲಿರಬೇಕು. ಅದು ಇಲ್ಲದೆ ಕಂಪ್ಯೂಟರು ಯಾವುದಕ್ಕೆ ತಾಳೆ ನೋಡುತ್ತೆ?

ವಿದ್ವಾಂಸರೂ ಆತುರಪಡ್ತಾರೆ. ಮಾರ್ಕನ ಸುವಾರ್ತೆಯ ಒಂದನೇ ಶತಮಾನದ ಹಸ್ತಪ್ರತಿಯ ತುಂಡು ಸಿಕ್ಕಿದೆ ಅಂತ 2012ರಲ್ಲಿ ಅಮೆರಿಕದಲ್ಲಿ ದೊಡ್ಡ ಸುದ್ದಿಯಾಯಿತು. ಎಷ್ಟೋ ಪ್ರಸಂಗಿಗಳು ವೇದಿಕೆಯಲ್ಲಿ ಹೇಳಿದರು. 2018ರಲ್ಲಿ ಆ ತುಂಡು ಪ್ರಕಟವಾದಾಗ ಅದರ ಕಾಲ ಎರಡನೇ ಶತಮಾನದ ಕೊನೆ ಅಥವಾ ಮೂರನೇ ಶತಮಾನದ ಆರಂಭ ಅಂತ ತಿಳಿಯಿತು. ಅದೂ ಬೆಲೆಬಾಳುವ ಹಸ್ತಪ್ರತಿಯೇ. ಆದರೆ ಮುಂಚೆ ಕೂಗಿದವರ ಮಾತಿನ ಬೆಲೆ ಹೋಯಿತು.

ಜೋಸೆಫಸ್ ಬರೆದ ಪುಸ್ತಕದಲ್ಲಿ ಯೇಸುವಿನ ಬಗ್ಗೆ ಇನ್ನೊಂದು ಭಾಗ ಇದೆ, ಅವನೇ ಕ್ರಿಸ್ತನು ಅಂತೆಲ್ಲ ಹೊಗಳುತ್ತೆ. ಅದರಲ್ಲಿ ಕೆಲವು ಮಾತು ಆಮೇಲೆ ಕ್ರೈಸ್ತ ನಕಲುಗಾರರು ಸೇರಿಸಿದ್ದು ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. ಅದನ್ನು ಪೂರ್ತಿಯಾಗಿ ತೆಗೆದು ವಾದಕ್ಕೆ ಇಡಬೇಡಿ. ಯಾಕೋಬನ ಮರಣದ ಭಾಗ ಸಾಕು.

"ಹನ್ನೆರಡು ಶಿಷ್ಯರೂ ಹುತಾತ್ಮರಾದರು, ಆದ್ದರಿಂದ ಇದು ಸತ್ಯ" ಅಂತಲೂ ಹೇಳ್ತೀವಿ. ನಿಧಾನ. ಯೋಹಾನನ ಅಣ್ಣ ಯಾಕೋಬನ ಮರಣ ಅಪೊಸ್ತಲರ ಕೃತ್ಯಗಳು 12ರಲ್ಲಿದೆ. ಪೇತ್ರ, ಪೌಲರ ಬಗ್ಗೆ ಹಳೆಯ ಬರಹಗಳಿವೆ. ಉಳಿದ ಕೆಲವರ ಬಗ್ಗೆ ಇರುವುದು ಬಹಳ ಕಾಲದ ನಂತರದ ಪರಂಪರೆಗಳು. ಅಲ್ಲದೆ ತಮ್ಮ ನಂಬಿಕೆಗಾಗಿ ಸಾಯುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಸಾಯಲು ಸಿದ್ಧರಿದ್ದರು ಅಂದರೆ ಅವರು ಪ್ರಾಮಾಣಿಕರು ಅಂತ ಗೊತ್ತಾಗುತ್ತೆ. ಅಪೊಸ್ತಲರ ವಿಶೇಷ ಇಷ್ಟು: ಅವರು ಕೇಳಿ ನಂಬಿದವರಲ್ಲ, ಕಂಡೆವು ಅಂದವರು. ಅದು ಸುಳ್ಳಾಗಿದ್ದರೆ ಸುಳ್ಳು ಅಂತ ಅವರಿಗೇ ಗೊತ್ತಿರುತ್ತಿತ್ತು. ವಾದ ಇದು. ಇಷ್ಟನ್ನೇ ಹೇಳಿ.

ಇನ್ನೊಂದು, ನಮಗೆ ಹತ್ತಿರದ್ದು. ಮಾರ್ಕ 16:9ರಿಂದ 20. ಹೊಸ ಭಾಷೆಗಳಲ್ಲಿ ಮಾತಾಡುವುದು, ರೋಗಿಗಳ ಮೇಲೆ ಕೈಯಿಡುವುದು, ನಮ್ಮ ಸಭೆಗಳಲ್ಲಿ ಎಷ್ಟು ಸಲ ಕೇಳಿದ ಭಾಗ! ನಾಲ್ಕನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳು, ಸಿನಾಯಿಟಿಕಸ್ ಮತ್ತು ವ್ಯಾಟಿಕಾನಸ್, 8ನೇ ವಚನಕ್ಕೇ ನಿಲ್ಲುತ್ತವೆ. ಇದನ್ನು ಯೂಟ್ಯೂಬಿನಲ್ಲಿ ಯಾರೋ ಹೇಳಿ ನಿಮ್ಮನ್ನು ಗಾಬರಿ ಮಾಡುವ ಮೊದಲು ನಾನೇ ಹೇಳ್ತಿದ್ದೀನಿ. ಅನ್ಯಭಾಷೆಯ ವರ ಇದೊಂದರ ಮೇಲೆ ನಿಂತಿಲ್ಲ. ಅಪೊಸ್ತಲರ ಕೃತ್ಯಗಳು 2, 10, 19 ಇವೆ, 1 ಕೊರಿಂಥ 12ರಿಂದ 14 ಇದೆ. ಪುನರುತ್ಥಾನವೂ ಇದೊಂದರ ಮೇಲೆ ನಿಂತಿಲ್ಲ. 8ನೇ ವಚನದ ಮುಂಚೆಯೇ ಸಮಾಧಿ ಖಾಲಿ ಇದೆ, ಆತನು ಎದ್ದಿದ್ದಾನೆ ಅಂತ ದೂತನು ಹೇಳಿಯಾಗಿದೆ. ಹಲ್ಲೆಲೂಯಾ!

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ? ಒಬ್ಬ ಹುಡುಗ ತನ್ನ ನಂಬಿಕೆಯನ್ನು ನಾಸಾ ಫಾರ್ವರ್ಡಿನ ಮೇಲೆ ಕಟ್ಟಿರ್ತಾನೆ. ಕಾಲೇಜಿನಲ್ಲಿ ಯಾರೋ ಎರಡು ನಿಮಿಷದಲ್ಲಿ ಅದು ಸುಳ್ಳು ಅಂತ ತೋರಿಸ್ತಾರೆ. ಆಗ ಅವನು ಏನು ಯೋಚಿಸ್ತಾನೆ? "ಇದೇ ಸುಳ್ಳಾದರೆ ಸಭೆಯಲ್ಲಿ ಹೇಳಿದ ಉಳಿದದ್ದೂ ಸುಳ್ಳೇ ಇರಬೇಕು." ಅವನು ಯೇಸುವನ್ನು ಬಿಡಲಿಲ್ಲ, ನಾವು ಕೊಟ್ಟ ಟೊಳ್ಳು ಊರುಗೋಲು ಮುರಿದು ಬಿದ್ದ. ಆ ಹುಡುಗನ ಲೆಕ್ಕ ನಾವು ಕೊಡಬೇಕು.

ಪ್ರಶ್ನೆ ಕೇಳುವವರನ್ನು ಗದರಿಸುವುದೂ ಅಷ್ಟೇ ತಪ್ಪು. "ನಿನಗೆ ಸಂಶಯದ ಆತ್ಮ ಹಿಡಿದಿದೆ" ಅಂತ ಹದಿನೇಳು ವರ್ಷದ ಮಗುವಿಗೆ ಹೇಳಬೇಡಿ. ಬೆರೋಯದವರು ಪೌಲನ ಮಾತನ್ನೇ ದಿನಾಲೂ ಶಾಸ್ತ್ರದಲ್ಲಿ ಪರೀಕ್ಷಿಸಿದರು. ಲೂಕನು ಅವರನ್ನು ಬೈಯಲಿಲ್ಲ, ಮೆಚ್ಚಿದ. ತೋಮನು ನೋಡದೆ ನಂಬಲ್ಲ ಅಂದಾಗ ಕರ್ತನು ಅವನನ್ನು ಹೊರಗೆ ಕಳಿಸಲಿಲ್ಲ. ಎಂಟು ದಿನದ ಮೇಲೆ ಬಂದು ಕೈ ತೋರಿಸಿದ.

6. ಸಾಕ್ಷಿ ಎಲ್ಲಿಯವರೆಗೆ?

"ಹಾಗಾದರೆ ಪಾಸ್ಟರ್, ಇಷ್ಟೆಲ್ಲ ಹೇಳಿದರೆ ಅವನು ನಂಬಿಬಿಡ್ತಾನಾ?" ಗೊತ್ತಿಲ್ಲ. ಅಥೇನೆಯಲ್ಲಿ ಪೌಲನು ಅಷ್ಟು ಚೆನ್ನಾಗಿ ಮಾತಾಡಿದ. ಪುನರುತ್ಥಾನ ಅಂದ ಕೂಡಲೇ ಕೆಲವರು ನಕ್ಕರು, ಕೆಲವರು ಇನ್ನೊಂದು ದಿನ ಕೇಳ್ತೀವಿ ಅಂದರು, ದಿಯೊನುಸ್ಯ, ದಾಮರಿ ಮತ್ತು ಇನ್ನೂ ಕೆಲವರು ನಂಬಿದರು. ಪೌಲನಿಗೇ ಹಾಗಾದರೆ ನಮಗೂ ಹಾಗೇ ಆಗುತ್ತೆ.

ಇತಿಹಾಸದ ಸಾಕ್ಷಿ ಗಣಿತದ ಹಾಗೆ ನೂರಕ್ಕೆ ನೂರು ಬಾಯಿ ಕಟ್ಟಿಸಲ್ಲ. ದೇವರೇ ಇಲ್ಲ ಅಂತ ಮೊದಲೇ ತೀರ್ಮಾನ ಮಾಡಿದವನಿಗೆ ಯಾವ ವಿವರಣೆಯೂ ಪುನರುತ್ಥಾನಕ್ಕಿಂತ ವಾಸಿ ಅನ್ನಿಸುತ್ತೆ. ಆದರೆ ದೇವರು ಇರಬಹುದು ಅಂತ ಬಾಗಿಲು ಸ್ವಲ್ಪ ತೆರೆದಿಟ್ಟವನಿಗೆ, ಖಾಲಿ ಸಮಾಧಿ, ಕಂಡವರ ಪಟ್ಟಿ, ಯಾಕೋಬ, ಪೌಲ, ಇಷ್ಟನ್ನೂ ಒಟ್ಟಿಗೆ ವಿವರಿಸುವುದು ಒಂದೇ: ಆತನು ನಿಜವಾಗಿ ಎದ್ದನು. ತರ್ಕ ಅವನನ್ನು ಬಾಗಿಲವರೆಗೆ ಕರೆದು ತರಬಹುದು, ದಾರಿಯಲ್ಲಿ ಬಿದ್ದ ಕಲ್ಲುಗಳನ್ನು ತೆಗೆಯಬಹುದು. ಒಳಗೆ ಕರೆಯುವವನು ಪವಿತ್ರಾತ್ಮ. ಯೇಸುವನ್ನು ಕರ್ತನು ಅಂತ ಹೇಳಲು ಪವಿತ್ರಾತ್ಮನೇ ಬೇಕು ಅಂತ 1 ಕೊರಿಂಥ 12:3 ಕಲಿಸುತ್ತೆ. ಆದ್ದರಿಂದ ಅವನ ಜೊತೆ ಮಾತಾಡುವ ಮೊದಲು ಅವನ ಹೆಸರು ಹಿಡಿದು ಪ್ರಾರ್ಥಿಸಿ. ಓದಿಕೊಳ್ಳದೆ ಪ್ರಾರ್ಥಿಸುವುದು ಸೋಮಾರಿತನ, ಪ್ರಾರ್ಥಿಸದೆ ವಾದಿಸುವುದು ಅಹಂಕಾರ.

7. ಹೇಗೆ ಹೇಳಬೇಕು

ಪೇತ್ರನು ಎರಡು ಷರತ್ತು ಹಾಕಿದ. ಮೊದಲನೆಯದು, ಕೇಳಿದವರಿಗೆ ಹೇಳಿ. ಮೀಟಿಂಗ್ ಮಧ್ಯೆ ಯಾರಿಗೂ ತುರುಕಬೇಡಿ. ನಿಮ್ಮ ನಡತೆ ನೋಡಿ ಅವರಾಗಿ ಕೇಳುವಂತೆ ಬದುಕಿ. ಎರಡನೆಯದು, ಸೌಮ್ಯವಾಗಿ ಹೇಳಿ. ಬೇರೆಯವರ ದೇವರುಗಳನ್ನು ಹೀಯಾಳಿಸುವುದು ಸುವಾರ್ತೆ ಅಲ್ಲ. ಎಫೆಸದಲ್ಲಿ ಗಲಾಟೆ ಆದಾಗ ಆ ಊರಿನ ಅಧಿಕಾರಿಯೇ, ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಅಂತ ಹೇಳಿದ, ಅಪೊಸ್ತಲರ ಕೃತ್ಯಗಳು 19:37. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಪೌಲ ಆ ಊರಲ್ಲಿದ್ದ, ಪ್ರತಿದಿನ ವಾದಿಸಿದ. ಆದರೂ ವಿಗ್ರಹ ಪೂಜಿಸುವ ಅಧಿಕಾರಿ ಆ ಸರ್ಟಿಫಿಕೇಟ್ ಕೊಟ್ಟ! ನಿಮ್ಮ ಫ್ಲೋರಿನಲ್ಲಿ ಕೂತವರು ನಿಮಗೆ ಅಂಥ ಸರ್ಟಿಫಿಕೇಟ್ ಕೊಡ್ತಾರಾ?

ಉತ್ತರ ಗೊತ್ತಿಲ್ಲದಿದ್ದರೆ "ಒಳ್ಳೆ ಪ್ರಶ್ನೆ, ಓದಿ ಬಂದು ಹೇಳ್ತೀನಿ" ಅನ್ನಿ. ಅದರಿಂದ ಕರ್ತನ ಮರ್ಯಾದೆ ಹೋಗಲ್ಲ. ಹೇಳಿದ ಮೇಲೆ ನಿಜವಾಗಿ ಓದಿ ಬಂದು ಹೇಳಿ.

ಕೊನೆಯ ಒಂದು ಸಂಗತಿ. ಪೇತ್ರನ ಪತ್ರ ಹೋದ ಊರುಗಳಲ್ಲಿ ಪೊಂತ, ಬಿಥೂನ್ಯ ಇದ್ದವು, ನೆನಪಿದೆಯಾ? ಸುಮಾರು ಕ್ರಿ.ಶ. 112ರಲ್ಲಿ ಅದೇ ಸೀಮೆಯ ರೋಮನ್ ಅಧಿಪತಿ ಪ್ಲಿನಿ ಚಕ್ರವರ್ತಿ ತ್ರಾಜನನಿಗೆ ಬರೆದ ಪತ್ರ ನಮಗೆ ಸಿಕ್ಕಿದೆ. ಆರೋಪಿಗಳನ್ನು ಮೂರು ಸಲ ಕೇಳ್ತಿದ್ದ: ನೀನು ಕ್ರೈಸ್ತನಾ? ಹೌದು ಅಂತ ನಿಂತವರಿಗೆ ಮರಣ. ಇವರು ನಿಗದಿಯಾದ ದಿನ ಬೆಳಗಾಗುವ ಮೊದಲೇ ಸೇರಿ ಕ್ರಿಸ್ತನಿಗೆ ದೇವರಿಗೆ ಹಾಡುವ ಹಾಗೆ ಹಾಡ್ತಾರೆ, ಕಳ್ಳತನ, ವ್ಯಭಿಚಾರ ಮಾಡಲ್ಲ, ಮಾತಿಗೆ ತಪ್ಪಲ್ಲ ಅಂತ ಆಣೆ ಮಾಡ್ತಾರೆ ಅಂತ ಅವನು ವರದಿ ಮಾಡಿದ್ದಾನೆ. ಸಭೆಯಲ್ಲಿ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದ. ಆ ಇಬ್ಬರು ಹೆಂಗಸರ ಹೆಸರು ನಮಗೆ ತಿಳಿದಿಲ್ಲ. ಪೇತ್ರನು ಉತ್ತರಕ್ಕೆ ಸಿದ್ಧರಾಗಿರಿ ಅಂತ ಬರೆದದ್ದು ಅಂಥವರಿಗೆ. ಅವರಿಗೆ ಅದು ನಿಜವಾದ ಕೋರ್ಟು. ನಮಗೆ ಟೀ ಅಂಗಡಿ. ಅಲ್ಲಾದರೂ ಬಾಯಿ ತೆರೆಯೋಣ.

ಈ ವಾರ ಮಾಡಬೇಕಾದದ್ದು

1. 1 ಕೊರಿಂಥ 15:3-8 ಬಾಯಿಪಾಠ ಮಾಡಿ. ಮುಂದಿನ ಕೂಟದಲ್ಲಿ ನೋಡದೆ ಹೇಳಬೇಕು.
2. "ಯೇಸು ಎದ್ದನು ಅಂತ ಯಾಕೆ ನಂಬ್ತೀರಿ?" ಈ ಪ್ರಶ್ನೆಗೆ ನಿಮ್ಮದೇ ಮಾತಿನಲ್ಲಿ ಎರಡು ನಿಮಿಷದ ಉತ್ತರ ಬರೆಯಿರಿ. ಅದರಲ್ಲಿ ಸಾಕ್ಷಿಗಳೂ ಇರಲಿ, ನಿಮ್ಮ ಸ್ವಂತ ಅನುಭವವೂ ಇರಲಿ.
3. ಒಂದು ಫಾರ್ವರ್ಡ್ ಬಂದರೆ ಕಳಿಸುವ ಮೊದಲು ಪರೀಕ್ಷಿಸಿ. ಈಗಾಗಲೇ ಸುಳ್ಳನ್ನು ಕಳಿಸಿದ್ದರೆ ಅದೇ ಗ್ರೂಪಿನಲ್ಲಿ "ಅದು ನಿಜವಲ್ಲ" ಅಂತ ಹಾಕಿ.
4. ಪ್ರಶ್ನೆ ಇರುವ ಒಬ್ಬ ಸ್ನೇಹಿತನ ಹೆಸರು ಬರೆದುಕೊಂಡು ಏಳು ದಿನ ಪ್ರಾರ್ಥಿಸಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಿನ್ನ ಮಗನನ್ನು ಸತ್ತವರೊಳಗಿಂದ ಎಬ್ಬಿಸಿದ್ದಕ್ಕಾಗಿ ಸ್ತೋತ್ರ. ಕಂಡದ್ದನ್ನು ಕಂಡ ಹಾಗೆ ಹೇಳಿದ ಸಾಕ್ಷಿಗಳಿಗಾಗಿ ಸ್ತೋತ್ರ. ನಮ್ಮ ನಾಲಿಗೆಯನ್ನು ಸುಳ್ಳಿನಿಂದ ಕಾಪಾಡು. ನಮ್ಮ ಬುದ್ಧಿಯನ್ನು ನಿನ್ನ ಆತ್ಮನಿಂದ ಬೆಳಗಿಸು. ಪ್ರಶ್ನೆ ಇಟ್ಟುಕೊಂಡು ಹೇಳಲಾಗದೆ ಕೂತಿರುವ ತಮ್ಮ ತಂಗಿಯರು ಈ ಕೂಟದಲ್ಲೇ ಇದ್ದಾರೆ ಕರ್ತನೇ, ಅವರನ್ನು ಕೈಬಿಡಬೇಡ. ತೋಮನ ಬಳಿಗೆ ಬಂದ ಹಾಗೆ ಅವರ ಬಳಿಗೂ ಬಾ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.